ನಮ್ಮ ಮನೆಯಲ್ಲಿ ಒಬ್ಬರು ಕಲಿಯುತ್ತಿದ್ದಾರೆ

ಫೆಲ್ಥಮ್, ಲಂಡನ್
೧೪ ನವೆಂಬರ್ ೧೯೯೮

ಪ್ರೀತಿಯ ಕಲ್ಯಾಣಿ,

ನಿನಗೂ ನಿಮ್ಮ ಮನೆಯವರಿಗೂ ಗುರುದೇವಿಯ ಶರಣು. ಆಷಾಢದಲ್ಲಿ ನೀನು ಬರೆದ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬಯ್ಯುವುದಿದ್ದರೆ ಇಲ್ಲಿಯೇ ನಿಂತು ಬಯ್ದುಬಿಡು, ಆಮೇಲೆ ಮುಂದೆ ಓದು. ತಡವಾಗಿದ್ದಕ್ಕೆ ಕಾರಣ ಇದೆ, ಕೇಳಿದರೆ ನಗುತ್ತೀ. ನಲವತ್ಮೂರನೆಯ ವಯಸ್ಸಿನಲ್ಲಿ ನಿನ್ನ ಗೆಳತಿ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದು, ಒಂದೇ ಕಂದೀಲಿನಲ್ಲಿ ಓದಿ ಪಡೆದ ಸರ್ಟಿಫಿಕೇಟು ಇಲ್ಲಿ ಯಾರಿಗೂ ಬೇಡ. ಹಾಗಾಗಿ ಇಷ್ಟು ವರ್ಷ ಶಾಲೆಯೊಂದರಲ್ಲಿ ಮಧ್ಯಾಹ್ನದ ಹೊತ್ತು ಮಕ್ಕಳ ತಾಟಿಗೆ ಬಟಾಟೆ ಬಡಿಸುತ್ತ ಬಂದೆ. ಪಾಠ ಹೇಳಬೇಕಾದ ಮಕ್ಕಳಿಗೆ ಊಟ ಬಡಿಸುವುದು ನನಗೆಂದೂ ಒಗ್ಗಲಿಲ್ಲ. ಈ ಸಪ್ಟೆಂಬರಿನಲ್ಲಿ ಧೈರ್ಯ ಮಾಡಿ ಸಂಜೆಯ ಕೋರ್ಸೊಂದಕ್ಕೆ ಸೇರಿದೆ. ದೊಡ್ಡವರಿಗೆ ಓದು ಬರಹ ಕಲಿಸುವವರನ್ನು ತಯಾರು ಮಾಡುವ ಕೋರ್ಸು. ನೀನು ವಿಜಾಪುರದ ಹಳ್ಳಿಗಳಲ್ಲಿ ಮಾಡುತ್ತಿರುವ ಸಾಕ್ಷರತೆಯ ಕೆಲಸದಂಥದ್ದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಕೋಣೆಯಲ್ಲಿ ಹೀಟರ್ ಇರುತ್ತದೆ ಮತ್ತು ಯಾರ ಕಂಕುಳಲ್ಲೂ ಕೂಸು ಇರುವುದಿಲ್ಲ.

ನಮಗೆ ಪಾಠ ಹೇಳುವವಳು ಹಿಲರಿ ಎಂಬಾಕೆ. ಮೊದಲ ದಿನ ಆಕೆ ಒಳಗೆ ಬಂದಾಗ ನಾನೊಬ್ಬಳೇ ಎದ್ದು ನಿಂತೆ. ಎಲ್ಲರೂ ನನ್ನನ್ನು ನೋಡಿದರು, ಬಾಗಿಲಿಗೆ ಹೋಗಬೇಕಾಗಿದೆಯೇನೋ ಎಂದು ಒಬ್ಬ ದಾರಿ ಬಿಟ್ಟ. "ಹಿಲರಿ ಅಂತಲೇ ಕರಿ" ಎಂದು ಆಕೆ ಹತ್ತು ಸಲ ಹೇಳಿರಬೇಕು. ಕಲಿಸುವವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಏನಾದರೂ ಕೇಳಬೇಕಿದ್ದರೆ ಹತ್ತಿರ ಹೋಗಿ ನಿಂತು ಕೆಮ್ಮುತ್ತೇನೆ. ನನಗೆ ಥಂಡಿ ಆಗಿದೆ ಎಂದು ಪಾಪ ಒಮ್ಮೆ ಗುಳಿಗೆ ಕೊಟ್ಟಳು.

ನಾವು ಕಲಿತ ನಾಯಿ ಮತ್ತು ಗಂಟೆಯ ಪ್ರಯೋಗ ಇಲ್ಲಿಯೂ ಮೊದಲ ವಾರ ಬಂತು. ಬಹುಮಾನ ಕೊಟ್ಟರೆ ಕಲಿಕೆ ಗಟ್ಟಿಯಾಗುತ್ತದೆ ಎಂಬ ಪಾರಿವಾಳದ ಪ್ರಯೋಗವೂ ಬಂತು. ಆದರೆ ಆಮೇಲಿನದೆಲ್ಲ ಹೊಸದು. ನಮಗೆ ಧಾರವಾಡದಲ್ಲಿ ಹೇಳಿಕೊಟ್ಟಿದ್ದು ಬರೀ ಮಕ್ಕಳ ಮನಸ್ಸು. ದೊಡ್ಡವರು ಹಾಗೆ ಕಲಿಯುವುದಿಲ್ಲವಂತೆ. ಇದನ್ನು ಯಾಕೆ ಕಲಿಯಬೇಕು ಎನ್ನುವುದು ಅವರಿಗೆ ಮೊದಲು ಮನದಟ್ಟಾಗಬೇಕು. ಅವರು ತಮ್ಮ ಬದುಕನ್ನೆಲ್ಲ ಜೊತೆಗೆ ತಂದಿರುತ್ತಾರೆ, ಪಾಠ ಅಲ್ಲಿಂದ ಶುರುವಾಗಬೇಕು. ಅವರಿಗೆ ಹೆದರಿಕೆಯಾಗದ ಜಾಗ ಬೇಕು. ಇದನ್ನೆಲ್ಲ ಒಬ್ಬ ಪಂಡಿತ ದೊಡ್ಡ ಸಿದ್ಧಾಂತ ಮಾಡಿ ಬರೆದಿದ್ದಾನೆ. ನೀನಾದರೆ ನಿನ್ನ ರಾತ್ರಿಶಾಲೆಯ ಹೆಂಗಸರನ್ನು ನೋಡಿಯೇ ಎರಡು ಸಾಲಿನಲ್ಲಿ ಹೇಳುತ್ತಿದ್ದಿ.

ಈಗ ಒಂದು ಮಾತು. ಇದನ್ನು ನಮ್ಮ ಅವ್ವನಿಗೂ ಹೇಳಿಲ್ಲ, ನಿನಗೆ ಮಾತ್ರ. ನನ್ನ ಮದುವೆಯ ಹೊತ್ತಿಗೆ ಹುಡುಗ ಮ್ಯಾಟ್ರಿಕ್ ಪಾಸಾಗಿದ್ದಾನೆ, ಲಂಡನ್ನಿನಲ್ಲಿ ಕೆಲಸ ಎಂದು ಹೇಳಿದ್ದರಲ್ಲ? ಕೆಲಸ ನಿಜ. ಮ್ಯಾಟ್ರಿಕ್ ಸುಳ್ಳು. ಇಲ್ಲಿಗೆ ಬಂದ ತಿಂಗಳೊಳಗೇ ನನಗೆ ತಿಳಿಯಿತು, ನಮ್ಮ ಮನೆಯವರಿಗೆ ಓದಲು ಬರುವುದಿಲ್ಲ. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಸಿಂದಗಿಯ ಕಡೆಯ ಹಳ್ಳಿಯಲ್ಲಿ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟು, ಯಾರದೋ ಮನೆಯ ಅಡುಗೆಯವನಾಗಿ ಮುಂಬೈಗೆ ಹೋಗಿ, ಅದೇ ಮನೆಯವರ ಹಿಂದೆ ಲಂಡನ್ನಿಗೆ ಬಂದವರು. ಮೊದಮೊದಲು ನಾನು ಅತ್ತೆ. ಆಮೇಲೆ ರೂಢಿಯಾಯಿತು. ಮನೆಗೆ ಬಂದ ಟಪಾಲೆಲ್ಲ ನನ್ನ ಮುಂದೆ ಇಡುತ್ತಾರೆ, ನಾನು ಓದಿ ಹೇಳುತ್ತೇನೆ. ಹೊರಗೆ ಯಾರಾದರೂ ಕಾಗದ ಕೊಟ್ಟರೆ ಕನ್ನಡಕ ಮರೆತೆ ಎನ್ನುತ್ತಾರೆ. ಮಗಳು ಸ್ಫೂರ್ತಿಯ ರಿಪೋರ್ಟ್ ಬಂದರೆ, "ನೀನಽ ಓದವಾ, ನಿನ್ನ ಬಾಯಿಲೆ ಕೇಳ್ಬೇಕು" ಎಂದು ಅವಳಿಂದಲೇ ಓದಿಸುತ್ತಾರೆ. ಅವಳಿಗೆ ಅದು ಅಪ್ಪನ ಮುದ್ದು. ನಮ್ಮ ಕನ್ನಡ ಕೂಟದಲ್ಲಿ ವಚನ ಹೇಳುವವರೂ ಇವರೇ. ಕಂಠ ಚೆನ್ನಾಗಿದೆ, ನೂರಾರು ವಚನ ಬಾಯಿಪಾಠ ಬರುತ್ತವೆ. ಆದರೂ ಕೈಯಲ್ಲಿ ಪುಸ್ತಕ ಹಿಡಿದು, ನಡುನಡುವೆ ಹಾಳೆ ಮಗುಚಿ ಹೇಳುತ್ತಾರೆ. ಎಷ್ಟೋ ಸಲ ನನಗೆ ನಗುವೂ ಬಂದಿದೆ, ಎದೆಯೂ ಹಾರಿದೆ.

ಇವರ ಕೆಲಸ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ. ಈಗ ಸಸ್ಯಾಹಾರದ ವಿಭಾಗಕ್ಕೆ ಸೂಪರ್‌ವೈಸರ್. ಮೊನ್ನೆ ಕಂಪನಿಯವರು ಎಲ್ಲರನ್ನೂ ನಿಲ್ಲಿಸಿ ಹೇಳಿದರಂತೆ, ಬರುವ ಜೂನಿನಲ್ಲಿ ಶುಚಿತ್ವದ ಬಗ್ಗೆ ಬರವಣಿಗೆಯ ಪರೀಕ್ಷೆ, ಪಾಸಾಗದ ಸೂಪರ್‌ವೈಸರುಗಳು ಟ್ರಾಲಿ ತೊಳೆಯುವ ಕಡೆಗೆ. ಮನೆಗೆ ಬಂದವರು ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಳಿತರು. ನನ್ನನ್ನು ಕೇಳಿದರು: "ನೀ ದೊಡ್ಡವರಿಗೆ ಕಲಸೂದು ಕಲ್ಯಾಕತ್ತೀಯಲ್ಲ. ನನಗ ಕಲಸ್ತೀಯೇನು?"

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹೀಗೆ ಏನನ್ನೂ ಕೇಳಿರಲಿಲ್ಲ. ಹೂಂ ಎಂದೆ. "ಆದ್ರ ಒಂದ ಮಾತು" ಎಂದರು. "ಯಾರಿಗೂ ಗೊತ್ತಾಗಬಾರ್ದು. ಸ್ಫೂರ್ತಿಗೂ." ಅದಕ್ಕೂ ಹೂಂ ಎಂದೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮೊಣಕಾಲು ನೋವು ಹೇಗಿದೆ, ಬರೆ.

ನಿನ್ನ
ಗುರುದೇವಿ

ಫೆಲ್ಥಮ್
೨೧ ಫೆಬ್ರುವರಿ ೧೯೯೯

ಪ್ರೀತಿಯ ಕಲ್ಯಾಣಿ,

ಶರಣು. ಈ ಸಲ ತಡ ಮಾಡಿಲ್ಲ, ಆದರೂ ಕ್ಷಮೆ ಕೇಳಿಬಿಡುತ್ತೇನೆ, ಮುಂದಿನ ಸಲಕ್ಕೆ ಜಮೆ ಇರಲಿ. ನಿನ್ನ ಪತ್ರ ಓದಿ ಖುಷಿಯಾಯಿತು. ನಿನ್ನ ಶಾಲೆಯ ಹೆಂಗಸರು ಬೀದಿಗೆ ಬೆನ್ನು ಮಾಡಿ ಕೂಡುತ್ತಾರೆ, ದಾರಿಯಲ್ಲಿ ಹೋಗುವ ಮೈದುನ, ಭಾವ ಯಾರೂ ಗುರುತು ಹಿಡಿಯದಿರಲಿ ಎಂದು, ಅಂತ ಬರೆದಿದ್ದೀಯಲ್ಲ, ಅದನ್ನು ಕ್ಲಾಸಿನಲ್ಲಿ ಹೇಳಿದೆ. ಹಿಲರಿ ತಕ್ಷಣ ಬರೆದುಕೊಂಡಳು. ನಿನ್ನ ಹೆಂಗಸರು ಲಂಡನ್ನಿನಲ್ಲಿ ಪ್ರಸಿದ್ಧರಾಗಿದ್ದಾರೆ ಎಂದು ಅವರಿಗೆ ಹೇಳು.

ನಮ್ಮ ಮನೆಯ ಶಾಲೆಯ ಕತೆ ಕೇಳು. ಮೊದಲ ತಿಂಗಳು ಪೂರಾ ದಂಡ. ನಾನು ಅ ಆ ಇ ಈ ಕಲಿಸಿದ ಹಾಗೇ ಎ ಬಿ ಸಿ ಡಿ ತಿದ್ದಿಸಲು ಕೂಡಿಸಿದೆ. ಸ್ಫೂರ್ತಿ ಸಂಗೀತದ ಕ್ಲಾಸಿಗೆ ಹೋದಾಗ ಬಾಗಿಲು ಹಾಕಿಕೊಂಡು ಪಾಠ. ಬಿ ಮತ್ತು ಡಿ ಅದಲುಬದಲು ಮಾಡುತ್ತಿದ್ದರು. ಒಂದು ದಿನ ತಾಳ್ಮೆ ತಪ್ಪಿ ಟೇಬಲ್ಲಿಗೆ ಫುಟ್‌ಪಟ್ಟಿ ಬಡಿದುಬಿಟ್ಟೆ. ಇಪ್ಪತ್ತು ವರ್ಷ ಪಾಠ ಹೇಳದಿದ್ದರೂ ಕೈ ಮರೆತಿರಲಿಲ್ಲ, ನೋಡು. ಅವರು ಪೆನ್ಸಿಲ್ ಕೆಳಗಿಟ್ಟರು.

"ನಾ ಏನ್ ಸಣ್ಣ ಹುಡುಗ ಅಲ್ಲ. ಎರಡನೇತ್ತೆ ಮಾಸ್ತರ ಹಿಂಗಽ ಬಡೀತಿದ್ದ, ಅದಕಽ ಓಡಿ ಬಂದೆ" ಎಂದರು.

ಎರಡು ವಾರ ಪಾಠ ನಿಂತಿತು. ನಾನು ಪುಸ್ತಕದಲ್ಲಿ ಓದಿ ಚೆಂದವಾಗಿ ಗೆರೆ ಎಳೆದಿದ್ದ ಮಾತು, ದೊಡ್ಡವರಿಗೆ ಹೆದರಿಕೆಯಾಗದ ಜಾಗ ಬೇಕು ಎಂಬುದು. ನಮ್ಮ ಮನೆಯ ಟೇಬಲ್ಲಿಗೆ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ನಾಚಿಕೆಯಾಯಿತು, ಆದರೆ ಹೇಳಲಿಲ್ಲ. ಹೇಳುವ ಬದಲು ಶಾವಿಗೆ ಪಾಯಸ ಮಾಡಿದೆ.

ಆಮೇಲೆ ಅವರ ಕೆಲಸದ ಕಡೆಯಿಂದಲೇ ಶುರು ಮಾಡಿದೆ. ಖಾಲಿ ಪ್ಯಾಕೆಟ್ಟು, ಡಬ್ಬಿಯ ಮೇಲಿನ ಚೀಟಿ ತನ್ನಿರಿ ಎಂದೆ. ಇಷ್ಟು ದಿನ ಬಣ್ಣದಿಂದ, ಅಕ್ಷರದ ಆಕಾರದಿಂದ ಗುರುತಿಸುತ್ತಿದ್ದುದನ್ನು ಈಗ ಓದಲು ಹೊರಟರು. ಎಂಥ ಹುರುಪು ಅಂತೀ! ಹಸಿರು ಚೀಟಿಯ ಮೇಲಿನ 'ವೆಜಿಟೇರಿಯನ್' ಎಂಬ ಇಷ್ಟುದ್ದದ ಶಬ್ದವನ್ನು ಮೊದಲ ದಿನವೇ ಓದಿದರು. 'ಹಿಸ್', 'ಹರ್' ಎಂಬ ಪುಟ್ಟ ಶಬ್ದಗಳಿಗೆ ಎಡವುತ್ತಾರೆ. ಮೊನ್ನೆ ನಾವಿಬ್ಬರೂ ಬಸ್ಸಿಗೆ ನಿಂತಿದ್ದೆವು. ದೂರದಿಂದ ಬರುತ್ತಿದ್ದ ಬಸ್ಸಿನ ಹಣೆ ನೋಡಿ ತುಟಿ ಅಲ್ಲಾಡಿಸಿದರು, ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಹ್ಯಾಟನ್ ಕ್ರಾಸ್. ನಮ್ಮದಲ್ಲ ಇದು" ಎಂದರು. ನಂಬರು ನೋಡಿ ಅಲ್ಲ, ಓದಿ! ಅವರ ಮುಖ ನೋಡಿ ನನಗೆ ಅಳು ಬಂತು. ಥಂಡಿಗಾಳಿಯ ಮೇಲೆ ಹಾಕಿದೆ.

ಈಗ ಅವರಾಗಿಯೇ ನಮ್ಮ ಕಾಲೇಜಿನ ಶನಿವಾರದ ಓದಿನ ತರಗತಿಗೆ ಸೇರಿದ್ದಾರೆ. ಅಲ್ಲಿ ಸೊಮಾಲಿಯಾದವರು, ಪೋರ್ಚುಗಲ್ಲಿನವರು, ಇಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಬಿಳಿ ಮುದುಕ. "ನಮ್ಮವರು ಒಬ್ರೂ ಇಲ್ಲ, ಆರಾಮ ಐತಿ" ಎನ್ನುತ್ತಾರೆ. ತಪ್ಪು ಓದಿದರೆ ಎಲ್ಲರ ಜೊತೆ ತಾವೂ ನಗುತ್ತಾರಂತೆ. ನಮ್ಮ ಕೂಟದಲ್ಲಿ ಇವರು ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ. ಅಲ್ಲಿ ಇವರು ಹಿರಿಯರು. ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದ ಹುಡುಗರು ಕಾಲಿಗೆ ನಮಸ್ಕಾರ ಮಾಡುತ್ತಾರೆ, ಪಿನ್ನರಿನ ಡಾಕ್ಟರ್ ವಿಶ್ವನಾಥರು ಪಕ್ಕದಲ್ಲಿ ಕುರ್ಚಿ ಹಾಕಿಸುತ್ತಾರೆ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಕೋರ್ಸಿಗಾಗಿ ನಾವು ಒಬ್ಬ ದೊಡ್ಡ ವಿದ್ಯಾರ್ಥಿಗೆ ಕಲಿಸಿ, ಅವರು ಹೇಗೆ ಕಲಿತರು ಎಂದು ಕ್ಲಾಸಿನಲ್ಲಿ ಹೇಳಬೇಕು. ನಾನು ಇವರ ವಿಷಯವನ್ನೇ ಹೇಳಿದೆ, ಯಾರೆಂದು ಹೇಳಲಿಲ್ಲ. ಹಿಲರಿ, "ಗುಟ್ಟು ಕಾಯಲು ಬೇರೊಂದು ಹೆಸರಿಡು, ಜಾನ್ ಅಂತಲೋ ರವಿ ಅಂತಲೋ" ಎಂದಳು. ಗಂಡನ ಸ್ವಂತ ಹೆಸರನ್ನೇ ಬಾಯಿಂದ ತೆಗೆಯದವಳು ಅವರಿಗೆ ಪರಗಂಡಸಿನ ಹೆಸರಿಡಲೇ? ಆಗುವುದಿಲ್ಲ ಎಂದೆ. 'ನಮ್ಮ ಮನೆಯಲ್ಲಿ ಒಬ್ಬರು' ಎಂದೇ ಇಂಗ್ಲಿಷಿನಲ್ಲಿ ಹೇಳಿಕೊಂಡು ಹೋದೆ. ಅವರೆಲ್ಲ ಅದನ್ನು ಬಾಡಿಗೆಗಿರುವ ಯಾರೋ ಎಂದು ತಿಳಿದರು. ನನ್ನ ವಿದ್ಯಾರ್ಥಿಯ ಗುಟ್ಟು ಭದ್ರವಾಗಿದೆ.

ನಿನ್ನ ಹಿರಿಯ ಮಗಳಿಗೆ ವರ ನೋಡುತ್ತಿದ್ದೀಯಂತೆ. ಮ್ಯಾಟ್ರಿಕ್ ಸರ್ಟಿಫಿಕೇಟು ಕೈಯಲ್ಲಿ ಹಿಡಿದು ನೋಡು!

ನಿನ್ನ
ಗುರುದೇವಿ

ಫೆಲ್ಥಮ್
೧೮ ಜುಲೈ ೧೯೯೯

ಪ್ರೀತಿಯ ಕಲ್ಯಾಣಿ,

ಶರಣು. ನಿನ್ನ ಎರಡು ಪತ್ರಗಳು ಬಂದಿವೆ. ಮಗಳ ಲಗ್ನ ಗೊತ್ತಾಗಿದ್ದು ಕೇಳಿ ಸಂತೋಷವಾಯಿತು. ತಕ್ಷಣ ಬರೆಯಬೇಕಾಗಿತ್ತು, ಬರೆಯಲಿಲ್ಲ. ಎರಡು ಸಲ ಬರೆಯಲು ಕುಳಿತು ಎದ್ದೆ. ಕೆಲಸ ಬಹಳ ಇತ್ತು ಎಂದು ಹೇಳಬಹುದು, ಆದರೆ ಇಲ್ಲಿ ಶಾಲೆಗೆ ಬೇಸಿಗೆ ರಜೆ ಹತ್ತಿರವಾಗಿದೆ, ಆ ನೆಪ ನೀನು ನಂಬುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಾನು ಪಾಸಾದೆ. ಬರೀ ಪಾಸಲ್ಲ, ಹಿಲರಿ ನನ್ನ ಕೈ ಹಿಡಿದುಕೊಂಡು, ಇಷ್ಟು ವರ್ಷದಲ್ಲಿ ಇಂಥದ್ದನ್ನು ಕಂಡಿಲ್ಲ ಎಂದಳು. ಸಪ್ಟೆಂಬರಿನಿಂದ ಕಾಲೇಜಿನಲ್ಲಿ ನನಗೇ ಒಂದು ತರಗತಿ ಕೊಡುತ್ತಾರಂತೆ. ಯಾವ ತರಗತಿ ಎಂದು ಆಮೇಲೆ ಹೇಳುತ್ತೇನೆ.

ಮೇ ತಿಂಗಳಲ್ಲಿ ಇಲ್ಲಿ ದೊಡ್ಡವರ ಕಲಿಕೆಗಾಗಿ ಒಂದು ವಾರದ ಉತ್ಸವ ಇರುತ್ತದೆ. ಕಾಲೇಜಿನ ಹಾಲಿನಲ್ಲಿ ಭಾಷಣ, ಚಹಾ, ಬಿಸ್ಕೀಟು. ನಾನು ಕ್ಲಾಸಿನಲ್ಲಿ ಹೇಳಿದ್ದನ್ನೇ ಅಲ್ಲಿ ಮೈಕಿನಲ್ಲಿ ಹೇಳಬೇಕು ಎಂದು ಹಿಲರಿ ಕೇಳಿದಳು. ದೊಡ್ಡವರ ಗೆಲುವನ್ನು ನಾಲ್ಕು ಜನರ ಮುಂದೆ ಮೆಚ್ಚಿಕೊಂಡರೆ ಅದು ಗಟ್ಟಿಯಾಗುತ್ತದೆ ಎಂಬುದು ಆಕೆಯ ನಂಬಿಕೆ. ಪಾರಿವಾಳಕ್ಕೆ ಕಾಳು ಹಾಕಿದ ಹಾಗೆ. ನಾನೂ ನಂಬಿದೆ. ಸುಳ್ಳು ಯಾಕೆ ಹೇಳಲಿ, ನಂಬಲು ನನಗೆ ಇಷ್ಟವಿತ್ತು. ಬಟಾಟೆ ಬಡಿಸುವ ಗುರುದೇವಿ ಮೈಕಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡುವುದನ್ನು ನಮ್ಮವರು ನೋಡಲಿ ಎಂದು ಆಸೆಯಾಯಿತು. ನಾನೇ ಫೋನ್ ಮಾಡಿ ಕರೆದೆ. ಕ್ರೋಯ್ಡನ್ನಿನಿಂದ ನಮ್ಮ ಕೂಟ ನಡೆಸುವ ಸಂದೀಪ್, ಅವನ ಹೆಂಡತಿ ಜಾಹ್ನವಿ ಬಂದರು. ಡಾಕ್ಟರ್ ವಿಶ್ವನಾಥರೂ ಬಂದರು. ನಮ್ಮ ಮನೆಯವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಸ್ಫೂರ್ತಿಯ ಜೊತೆ ಎರಡನೆಯ ಸಾಲಿನಲ್ಲಿ ಕುಳಿತರು. ನಾನು ಏನು ಹೇಳುತ್ತೇನೆಂದು ಅವರಿಗೆ ಹೇಳಿರಲಿಲ್ಲ. ಹೆಸರಿಲ್ಲವಲ್ಲ, ಯಾರಿಗೆ ಗೊತ್ತಾದೀತು ಎಂದುಕೊಂಡಿದ್ದೆ. ಕೆಲಸ ಯಾವುದೆಂದೂ ಬದಲಿಸಿ, ಅಂಗಡಿ ಎಂದು ಮಾಡಿದ್ದೆ. ಅವರೊಬ್ಬರಿಗೆ ಮಾತ್ರ ತಿಳಿಯುತ್ತದೆ, ಒಳಗೊಳಗೇ ಹೆಮ್ಮೆಪಡುತ್ತಾರೆ, ಅದು ನಮ್ಮಿಬ್ಬರ ನಡುವೆ ಇರುತ್ತದೆ ಎಂದು ಲೆಕ್ಕ ಹಾಕಿದ್ದೆ.

"ನಮ್ಮ ಮನೆಯಲ್ಲಿ ಒಬ್ಬರು ಕಲಿಯುತ್ತಿದ್ದಾರೆ" ಎಂದು ಶುರು ಮಾಡಿದೆ. ಫುಟ್‌ಪಟ್ಟಿಯ ವಿಷಯ ಹೇಳಿದೆ, ಜನ ನಕ್ಕರು. ಚೀಟಿಗಳ ವಿಷಯ ಹೇಳಿದೆ, ಬಸ್ಸಿನ ವಿಷಯ ಹೇಳಿದೆ. ಮಗಳ ರಿಪೋರ್ಟನ್ನು ಮಗಳಿಂದಲೇ ಓದಿಸಿ, ಕೇಳುತ್ತ ಕಣ್ಣು ಮುಚ್ಚಿಕೊಳ್ಳುವ ಒಬ್ಬ ತಂದೆಯ ವಿಷಯ ಹೇಳಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಬಿಳಿ ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ದನಿ ಎಷ್ಟು ಸ್ಥಿರವಾಗಿತ್ತು ಅಂತೀ, ನನಗೇ ಆಶ್ಚರ್ಯ.

ಆಗ ಜಾಹ್ನವಿಯ ದನಿ ಕೇಳಿತು. ಚಪ್ಪಾಳೆ ಇನ್ನೂ ಶುರುವಾಗಿರಲಿಲ್ಲ. ಆ ಹುಡುಗಿ ಮುಂದೆ ಬಾಗಿ, ಪ್ರೀತಿಯಿಂದಲೇ, ಗಟ್ಟಿಯಾಗಿ ಕೇಳಿದಳು: "ಅಂಕಲ್, ಆಂಟಿ ನಿಮ್ ಬಗ್ಗೇನೇ ಹೇಳ್ತಿರೋದು ಅಲ್ವಾ? ಹೌ ಸ್ವೀಟ್!"

ಕಲ್ಯಾಣಿ, ಆ ಹಾಲಿನಲ್ಲಿದ್ದ ಇಂಗ್ಲಿಷಿನವರಿಗೆ ಯಾರಿಗೂ ಏನೂ ತಿಳಿದಿರಲಿಲ್ಲ. ಆದರೆ ನಮ್ಮವರಿಗೆ ಮೊದಲ ಮಾತಿಗೇ ತಿಳಿದಿತ್ತು. ನಮ್ಮಲ್ಲಿ ಯಾವ ಹೆಂಡತಿ 'ನಮ್ಮ ಮನೆಯಲ್ಲಿ ಒಬ್ಬರು' ಎಂದು ಬೇರೆಯವರ ಬಗ್ಗೆ ಹೇಳುತ್ತಾಳೆ? ಹೆಸರು ಬಿಟ್ಟು ಮಾತಾಡಿದರೆ ಅದು ಗಂಡನೇ ಎಂದು ತೊಟ್ಟಿಲ ಕೂಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಇಂಗ್ಲಿಷಿನಲ್ಲಿ ಹೇಳುತ್ತಿದ್ದೇನಲ್ಲ ಎಂಬ ಧೈರ್ಯದಲ್ಲಿ, ನಾಲಿಗೆಯ ಮೇಲೆ ನಮ್ಮೂರನ್ನೇ ಇಟ್ಟುಕೊಂಡು ಮಾತಾಡುತ್ತಿದ್ದೇನೆ ಎಂಬುದು ಮರೆತಿತ್ತು.

ಡಾಕ್ಟರ್ ವಿಶ್ವನಾಥರು ಇವರತ್ತ ತಿರುಗಿ ನೋಡಿದರು, ತಕ್ಷಣ ಮುಖ ಆ ಕಡೆ ಮಾಡಿಕೊಂಡರು. ಒಳ್ಳೆಯ ಮನುಷ್ಯ, ನೋಡಲೇ ಇಲ್ಲವೆಂಬಂತೆ ಇರಲು ಪ್ರಯತ್ನಿಸಿದರು. ಇವರು ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಕೊನೆಯವರೆಗೂ ತಟ್ಟಿದರು.

ಬಸ್ಸಿನಲ್ಲಿ ಮನೆಗೆ ಹೊರಟೆವು. ಹೌನ್‌ಸ್ಲೋ ದಾಟಿದ ಮೇಲೆ ಸ್ಫೂರ್ತಿ, ಎಂದಿನ ಹಾಗೆ ಇಂಗ್ಲಿಷಿನಲ್ಲಿ, ಅದಕ್ಕೇನಾ ನನ್ನ ಹತ್ತಿರ ರಿಪೋರ್ಟ್ ಓದಿಸುತ್ತಿದ್ದುದು ಎಂದು ಅಪ್ಪನನ್ನು ಕೇಳಿದಳು. "ಹೌದವಾ" ಎಂದರು. ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಮಾರನೆಯ ದಿನದಿಂದ ಅವಳು ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಲು ಶುರು ಮಾಡಿದಳು. ಹಾಲಿನ ಬಾಟಲಿಯ ಮೇಲಿನದು, ಟಿವಿಯ ಮೇಲೆ ಬರುವುದು, ಎಲ್ಲವನ್ನೂ ನಿಧಾನವಾಗಿ, ದೊಡ್ಡ ದನಿಯಲ್ಲಿ, ಕಿವುಡರಿಗೆ ಹೇಳುವಂತೆ. ಮಗು ಒಳ್ಳೆಯದಕ್ಕೇ ಮಾಡುತ್ತಿದೆ. ಅವರು ಟಿವಿ ನೋಡುವುದನ್ನೇ ಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಹೇಗಾದರೂ ಸಂಭಾಳಿಸುತ್ತಿದ್ದೆನೇನೋ. ಮುಂದಿನ ಭಾನುವಾರ ಸಂದೀಪನ ಫೋನು. ಇವರೇ ಎತ್ತಿಕೊಂಡರು. ಕನ್ನಡ ಕೂಟದ ಮುಂದಿನ ಸಭೆಯಲ್ಲಿ ಇವರಿಗೆ ಸನ್ಮಾನ ಮಾಡುತ್ತಾರಂತೆ. ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ. ಐವತ್ತರ ಹೊಸ್ತಿಲಲ್ಲಿ ಅಕ್ಷರ ಕಲಿತ ಸಾಧಕರು ಎಂದು. ನಮ್ಮ ಜನ ಹೇಗೆ ನೋಡು, ಒಬ್ಬರ ಮರ್ಯಾದೆ ಹೋಗಿದೆ ಎಂದರೆ ಅದರ ಮೇಲೆ ಶಾಲು ಹೊದಿಸುತ್ತಾರೆ. ಇವರು, "ಆತಪಾ, ನೋಡೂಣು" ಎಂದು ಫೋನು ಇಟ್ಟರು. ಆ ಶನಿವಾರ ತರಗತಿಗೆ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಹೋಗಲಿಲ್ಲ.

ನನಗೂ ಸಿಟ್ಟು ಬಂತು. ನಾನೇನು ಚಾಡಿ ಹೇಳಿದೆನೇ? "ಅಷ್ಟ ಜನ ಚಪ್ಪಾಳಿ ಹೊಡದ್ರು. ನಾ ಏನ್ ಕೆಟ್ಟದ್ದು ಹೇಳೀನ್ರಿ? ಹೊಗಳೀನಿ" ಎಂದೆ.

"ಅದಽ ತ್ರಾಸ" ಎಂದರು. "ಬೈದಿದ್ರ ತಡಕೋತಿದ್ದೆ. ಮನ್ಯಾಗ ನಾ ನಿನ್ನೊಬ್ಬಾಕಿ ಮುಂದ ತಪ್ಪ ಓದ್ತಿದ್ದೆ. ಈಗ ಎಲ್ಲಾರ ಮುಂದ ಓದಿಧಂಗ ಆತು."

"ಪರೀಕ್ಷಾ?" ಎಂದೆ. "ಅದರ ಮಾತ ಬ್ಯಾಡ" ಎಂದರು.

ಪರೀಕ್ಷೆಯ ದಿನ ಎಂದಿನಂತೆ ಡಬ್ಬಿ ಕಟ್ಟಿಸಿಕೊಂಡು ಹೋದರು. ಬರೆದಿರಬಹುದು ಎಂದು ಸಂಜೆಯವರೆಗೂ ಆಸೆಯಿತ್ತು. ಅಷ್ಟು ಚೆನ್ನಾಗಿ ಓದುತ್ತಿದ್ದರು ಕಲ್ಯಾಣಿ, ಮಾದರಿ ಪ್ರಶ್ನೆಗಳನ್ನು ಮನೆಯಲ್ಲಿ ಕೊಟ್ಟಾಗ ಬಹುತೇಕ ಸರಿಯಾಗಿಯೇ ಗುರುತು ಹಾಕಿದ್ದರು. ಪಾಸಾಗುವವರಿದ್ದರು. ಮನೆಗೆ ಬಂದು ಕೈ ತೊಳೆಯುತ್ತ, "ಸೋಮವಾರದಿಂದ ಟ್ರಾಲಿ ಕಡೆ" ಎಂದಷ್ಟೇ ಹೇಳಿದರು. ಪರೀಕ್ಷೆಯ ಕೋಣೆಗೆ ಹೋಗಲೇ ಇಲ್ಲವಂತೆ.

ಹಿಲರಿಗೆ ಹೇಳಿದೆ. ಆಕೆಗೆ ನಿಜಕ್ಕೂ ಬೇಜಾರಾಯಿತು. ಆಮೇಲೆ ತಲೆ ಓರೆ ಮಾಡಿ, ಇದು ನಿಮ್ಮ ಸಂಸ್ಕೃತಿಯ ವಿಷಯ ಇರಬಹುದಲ್ಲವೇ, ಗಂಡಸಿಗೆ ಹೆಂಡತಿಯಿಂದ ಕಲಿಯುವುದು ಕಷ್ಟ ಎಂದಳು. ನನಗೆ ಎಷ್ಟು ಉರಿಯಿತು ಗೊತ್ತೇ! ಹೆಂಡತಿಯಿಂದ ಕಲಿಯಲು ಅವರಿಗೆ ಒಂದು ದಿನವೂ ಕಷ್ಟವಾಗಿರಲಿಲ್ಲ. ತಾವಾಗಿಯೇ ಬಂದು ಕೇಳಿದ್ದರು. ಎಲ್ಲ ಸಿದ್ಧಾಂತಗಳನ್ನೂ ಆಕೆ ನನಗೆ ಕಲಿಸಿದಳು, ನಾನೂ ಒಂದೂ ಬಿಡದೆ ಬರೆದೆ. ಹೆದರಿಕೆಯಾಗದ ಜಾಗದ ಬಗ್ಗೆ ನಾನು ಬರೆದ ಉತ್ತರವನ್ನು ಮುಂದಿನ ವರ್ಷದವರಿಗೆ ಮಾದರಿಯಾಗಿ ಇಟ್ಟುಕೊಂಡಿದ್ದಾಳೆ. ಒಬ್ಬ ಮನುಷ್ಯ ತನ್ನ ತಪ್ಪನ್ನು ಯಾರ ಮುಂದೆ ಮಾಡಬೇಕು, ಯಾರ ಮುಂದೆ ಮಾಡಬಾರದು ಎಂಬುದನ್ನು ಅವನೇ ಆರಿಸಿಕೊಂಡಿರುತ್ತಾನೆ ಎಂದು ಮಾತ್ರ ನಾನು ಅದರಲ್ಲಿ ಬರೆದಿಲ್ಲ. ನಿನ್ನ ಹೆಂಗಸರು ಬೀದಿಗೆ ಬೆನ್ನು ಮಾಡಿ ಕೂಡುವುದನ್ನು ಕ್ಲಾಸಿನಲ್ಲಿ ಹೇಳಿ ಹೊಗಳಿಸಿಕೊಂಡವಳು ನಾನು. ಕೇಳಿದ ಹಿಲರಿ ಬರೆದುಕೊಂಡಳು, ಹೇಳಿದ ನನಗೆ ಅರ್ಥವಾಗಿರಲಿಲ್ಲ.

ನನಗೆ ಕೊಡುತ್ತೇನೆಂದ ತರಗತಿ ಯಾವುದು ಗೊತ್ತೇ? ಶನಿವಾರದ್ದು. ಅವರು ಬಿಟ್ಟು ಬಂದದ್ದು. ಒಪ್ಪಿಕೊಂಡರೆ ಅವರು ಇನ್ನೆಂದೂ ಆ ಬಾಗಿಲಿಗೆ ಹೋಗಲಾರರು. ಒಪ್ಪಿಕೊಳ್ಳದಿದ್ದರೆ ಮತ್ತೆ ಬಟಾಟೆ. ತಿಂಗಳ ಕೊನೆಗೆ ಉತ್ತರ ಹೇಳಬೇಕು. ಮನೆಯಲ್ಲಿ ಈ ಮಾತು ತೆಗೆದಾಗ ಅವರು, "ಹೋಗು. ನೀ ಕಲತದ್ದು ದಂಡ ಆಗೂದು ಬ್ಯಾಡ" ಎಂದರು. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವರು ಸುಮ್ಮನೆ ಹೇಳಿದರು. ನೀನಾಗಿದ್ದರೆ ಏನು ಮಾಡುತ್ತಿದ್ದಿ, ಬರೆ. ಸಮಾಧಾನದ ಮಾತು ಬೇಡ, ನಿಜ ಬರೆ.

ಮದುವೆಗೆ ಬರಲಾಗುವುದಿಲ್ಲ. ಮಗಳಿಗೂ ಅಳಿಯನಿಗೂ ನಮ್ಮಿಬ್ಬರ ತುಂಬು ಆಶೀರ್ವಾದ. ಅವರ ಬಾಳು ತಂಪಾಗಿರಲಿ, ಒಬ್ಬರ ಮುಂದೆ ಒಬ್ಬರಿಗೆ ಸಂಕೋಚ ಇಲ್ಲದಿರಲಿ.

ನಿನ್ನ
ಗುರುದೇವಿ

ತಾ. ಕ. — ಪತ್ರ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೇಳದೆ ಕಳಿಸಲು ಮನಸ್ಸಾಗಲಿಲ್ಲ. ನಿನ್ನೆ ರಕ್ತದೊತ್ತಡ ತೋರಿಸಲು ಇವರನ್ನು ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಕೌಂಟರಿನ ಹುಡುಗಿ ಇವರ ಕೈಗೆ ಒಂದು ಕಾಗದ ಕೊಟ್ಟು, ತುಂಬಿ ಕೊಡಿ ಎಂದಳು. ಕೂಡುವ ಜಾಗದ ತುಂಬ ಜನ. ಸರಳ ಕಾಗದ ಕಲ್ಯಾಣಿ, ಈಗ ಅವರಿಗೆ ಓದಲು ಬರುವಂಥದ್ದೇ. ನಾನು ಕೈ ಚಾಚಲಿಲ್ಲ, ಓದಲಿ ಎಂದು ಕಾದೆ. ಅವರು ಅದನ್ನು ನೋಡಲೂ ಇಲ್ಲ. ಆ ಹುಡುಗಿಗೆ, ಎಲ್ಲರಿಗೂ ಕೇಳುವ ಹಾಗೆ, ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು: "ಐ ನಾಟ್ ರೀಡ್, ಮೇಡಮ್. ಆಸ್ಕ್ ಮೈ ವೈಫ್. ಶಿ ಟೆಲ್ ಎವ್ರಿಬಡಿ, ವೆರಿ ನೈಸ್ಲಿ." ಎಂದೂ ಯಾರ ಮುಂದೆಯೂ ಒಪ್ಪಿಕೊಳ್ಳದ ಮನುಷ್ಯ. ಆಮೇಲೆ ಕಾಗದವನ್ನು ನನ್ನ ತೊಡೆಯ ಮೇಲಿಟ್ಟು, ಎರಡು ಕುರ್ಚಿ ಬಿಟ್ಟು ಹೋಗಿ ಕುಳಿತರು. ಅವರ ಹೆಸರು ಕೂಗುವವರೆಗೂ ನಾವು ಹಾಗೇ ಕುಳಿತಿದ್ದೆವು.